ಒಂದು ಲೋಟದಲ್ಲಿ 90 ಸೆಂಟ್, ಒಂದರಲ್ಲಿ ಬರೀ 5

ಪರ್ತ್, ಆಸ್ಟ್ರೇಲಿಯಾ
ಮಾರ್ಚ್ 9, ಭಾನುವಾರ

ಪ್ರೀತಿಯ ಅಪ್ಪ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನಿಗೂ ಓದಿ ಹೇಳಿ. ದಂಡದ ವಿಷಯ ಬಂದಾಗ ಮಾತ್ರ ಸ್ವಲ್ಪ ಮೆಲ್ಲಗೆ ಓದಿ.

ಹೊಸ ಮನೆಯ ಕೈತೋಟಕ್ಕೆ ನೀರು ತಾನಾಗಿ ಬೀಳುತ್ತದೆ ಅಂತ ಫೋನಿನಲ್ಲಿ ಜಂಬ ಕೊಚ್ಚಿದ್ದೆ, ನೆನಪಿದೆಯಾ? ಗ್ಯಾರೇಜಿನ ಗೋಡೆಯಲ್ಲಿ ಒಂದು ಡಬ್ಬಿ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಅಂತ ಅದಕ್ಕೆ ಹೇಳಿಟ್ಟರೆ ಆಯಿತು, ನೆಲದೊಳಗಿನ ವಾಲ್ವ್‌ಗಳು ಒಂದಾದ ಮೇಲೊಂದು ತೆರೆದು ಮುಚ್ಚಿಕೊಳ್ಳುತ್ತವೆ. ಮನೆ ಮಾರಿದವರು ಹೇಳಿದ್ದು ಹೀಗೆ.

ಇಲ್ಲಿ ಮನಸ್ಸಿಗೆ ಬಂದಾಗ ಸ್ಪ್ರಿಂಕ್ಲರ್ ಬಿಡುವ ಹಾಗಿಲ್ಲ. ಮನೆ ನಂಬರಿನ ಕೊನೆಯ ಅಂಕಿ ನೋಡಿ ವಾರಕ್ಕೆ ಎರಡು ದಿನ ಕೊಡುತ್ತಾರೆ. ಅದೂ ಬೆಳಿಗ್ಗೆ 9ರ ಒಳಗೆ, ಇಲ್ಲವೇ ಸಂಜೆ 6ರ ಮೇಲೆ. ತಪ್ಪಿದರೆ 100 ಡಾಲರ್ ದಂಡ. ಜೂನ್‌ನಿಂದ ಆಗಸ್ಟ್ ಕೊನೆವರೆಗೆ ಪೂರ್ತಿ ಬಂದ್, ಮಳೆಗಾಲ ಅಲ್ವಾ.

ಕಳೆದ ತಿಂಗಳು ಒಂದು ದಿನ ಕರೆಂಟ್ ಹೋಯಿತು. ಹೌದು, ಇಲ್ಲೂ ಹೋಗುತ್ತದೆ. ಅಂಥ ಹೊತ್ತಿಗೆ ಅಂತಲೇ ಡಬ್ಬಿಯೊಳಗೆ 9 ವೋಲ್ಟಿನ ಬ್ಯಾಟರಿ ಇಟ್ಟಿರುತ್ತಾರೆ. ನಮ್ಮದು ಯಾವಾಗಲೋ ಸತ್ತಿತ್ತು. ಕರೆಂಟ್ ಬಂದಾಗ ಡಬ್ಬಿಗೆ ನಾವು ಹೇಳಿದ್ದೆಲ್ಲ ಮರೆತುಹೋಗಿ, ಈಗ ರಾತ್ರಿ 12 ಗಂಟೆ ಅಂದುಕೊಂಡಿತು. ಫ್ಯಾಕ್ಟರಿಯಲ್ಲಿ ಕಲಿಸಿದ್ದನ್ನು ಮಾತ್ರ ಮರೆಯಲಿಲ್ಲ: ದಿನಾ ನೀರು! ನಾವಿಬ್ಬರೂ ಆಫೀಸಿನಲ್ಲಿ. ಮಟಮಟ ಮಧ್ಯಾಹ್ನ ಫುಟ್‌ಪಾತಿಗೆಲ್ಲ ಅಭಿಷೇಕ ಆಗುತ್ತಿದ್ದದ್ದು ಗೊತ್ತಾಗಿದ್ದು ದಂಡದ ಕಾಗದ ಬಂದ ಮೇಲೆ.

ಬ್ಯಾಟರಿ ಬದಲಿಸಿ ಎಲ್ಲ ಸರಿಮಾಡಿದೆವು. ಮಾರನೇ ವಾರ ಐದನೇ ವಾಲ್ವಿನ ಲೈನ್ ನಿಲ್ಲಲೇ ಇಲ್ಲ. ಡಬ್ಬಿ ಆಫ್ ಮಾಡಿದರೂ ಹರಿಯುತ್ತಲೇ ಇತ್ತು. ಆ ವಾಲ್ವ್ ಎಲ್ಲಿ ಹೂತಿದೆ ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಅಳಿಯ ಇಂಜಿನಿಯರ್, ಮ್ಯಾನುವಲ್ ಓದುತ್ತಾ ಕೂತರು. ನಾನು ಗುದ್ದಲಿ ಹಿಡಿದೆ. ಮೂರು ಕಡೆ ಅಗೆದ ಮೇಲೆ ಸಿಕ್ಕಿತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬಿಲ್ಲೆಯ ಅಡಿಯಲ್ಲಿ ಒಂದು ಮರಳಿನ ಹರಳು. ಅಷ್ಟೇ! ಕೆರೆಯ ಕಸ ಕೂತು ನಮ್ಮ ಕಾಫಿ ತೋಟದ ಸ್ಪ್ರಿಂಕ್ಲರ್ ಜೆಟ್ ಕಟ್ಟಿಕೊಂಡಾಗ ನೀವು ಕಡ್ಡಿ ಹಾಕಿ ತೆಗೆಯುತ್ತಿದ್ದಿರಲ್ಲ, ಹಾಗೇ ತೆಗೆದೆ.

ಇಷ್ಟಾದರೂ ಹುಲ್ಲು ಅರ್ಧ ಹಸಿರು, ಅರ್ಧ ಕಂದು. ಇಲ್ಲಿಯದು ಬರೀ ಮರಳು. ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಜಾರಿಸಿಬಿಡುತ್ತದೆ. ಆದರೆ ನನಗೆ ಡಬ್ಬಿ ಮೇಲೇ ಅನುಮಾನ. ನಿನ್ನೆ ನಮ್ಮ ಸರದಿ ಇತ್ತು. ಅಮ್ಮ ಕೊಟ್ಟು ಕಳಿಸಿದ ಸ್ಟೀಲ್ ಲೋಟಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟೆ. ಒಂದು ಸಲಕ್ಕೆ 10 ಮಿಲಿಮೀಟರ್ ಬಿದ್ದರೆ ಸಾಕು ಅನ್ನುತ್ತಾರೆ, ಇಂಚಿಗೆ ನೂರು ಸೆಂಟ್ ಅನ್ನುವ ನಿಮ್ಮ ಮಳೆ ಲೆಕ್ಕದಲ್ಲಿ 40 ಸೆಂಟ್. ಸ್ಕೇಲ್ ಇಟ್ಟು ಅಳೆದರೆ ನಲ್ಲಿ ಪಕ್ಕದ ಲೋಟದಲ್ಲಿ 90 ಸೆಂಟ್, ಕರಿಬೇವಿನ ಬುಡದಲ್ಲಿ ಬರೀ 5! ಕರಿಬೇವು ಉದುರುತ್ತಿದ್ದದ್ದು ಬಿಸಿಲಿಗೆ ಅಂತ ಸುಮ್ನೆ ನೆರಳು ಕಟ್ಟಿದ್ದೆ.

ಈಗ ಆ ಒಂದು ಗಿಡಕ್ಕೆ ಬಕೆಟ್ಟಿನಲ್ಲಿ ಹಾಕುತ್ತಿದ್ದೇನೆ. ಅದಕ್ಕೆ ದಂಡ ಇಲ್ಲ.

ನಿಮ್ಮ ಕಡೆ ಹೇಗಿದೆ? ರೋಬಸ್ಟಾಗೆ ನೀರು ಹೊಡೆದಾಯಿತಾ? ಹೂವಾದ ಮೇಲೆ ಎರಡನೇ ಸಲ ಹೊಡೆಯುವ ಬ್ಯಾಕಿಂಗಿಗೂ ಆಗುವಷ್ಟು ನೀರು ಕೆರೆಯಲ್ಲಿದೆಯಾ? ಅರೇಬಿಕಾಗೆ ಮೊಗ್ಗು ಅರಳಿಸುವ ಹೂಮಳೆ ಬಂದರೆ ಎಷ್ಟು ಸೆಂಟ್ ಅಂತ ತಪ್ಪದೆ ಬರೆಯಿರಿ. ಮೂಡಿಗೆರೆ ಪೇಟೆಯಲ್ಲಿ ಸುರಿದು ನಮ್ಮ ತೋಟಕ್ಕೆ ಕೈಕೊಟ್ಟರೆ ಅದನ್ನೂ ಬರೆಯಿರಿ.

ಇನ್ನೊಂದು ವಿಷಯ. ಅತ್ತಿಗೆ ಏಪ್ರಿಲ್‌ನಲ್ಲಿ ಬರುವಾಗ ಅಟ್ಟದ ಮೇಲಿರುವ ಹಳೇ ಮಳೆ ಅಳೆಯುವ ಸಾಮಾನು ಕಳಿಸಿ. ಗ್ಲಾಸೊಂದೇ ಸಾಲದು, ಮೇಲಿನ ಫನಲ್ಲೂ ಬೇಕು. ಅದರ ಬಾಯಿಗೆ ಸರಿಯಾಗಿ ತಾನೇ ಗ್ಲಾಸಿಗೆ ಗೆರೆ ಹಾಕಿರುವುದು? ಚೆನ್ನಾಗಿ ತೊಳೆದು ಕೊಡಲು ಹೇಳಿ. ಚೂರು ಮಣ್ಣು ಅಂಟಿದ್ದರೂ ಇಲ್ಲಿ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ.

ನಿಮ್ಮ ಮಗಳು