ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು? ಒಂಬತ್ತನೇ ತರಗತಿ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಎರಡು ವಾರದಿಂದ ನಿಮ್ಮ ಮಕ್ಕಳು ವಿಜ್ಞಾನದ ಒಂದೇ ಪಾಠದಲ್ಲಿ ನಿಂತಿದ್ದಾರೆ. ನೋಟ್ಸ್ ಕಮ್ಮಿ, ಅಂಗಿ ಗುಂಡಿ ಎಣಿಸೋದು ಜಾಸ್ತಿ ಎಂದು ಕೆಲವರು ಫೋನ್ ಮಾಡಿ ಹೇಳಿದಿರಿ. ಒಬ್ಬರು ತಂದೆ ಸ್ವಲ್ಪ ಬೇಸರದಲ್ಲೇ ಕೇಳಿದರು: "ಮೇಡಂ, ಪರಮಾಣು ಸಂಖ್ಯೆ ಅಂದ್ರೆ ಪ್ರೋಟಾನ್‌ಗಳ ಸಂಖ್ಯೆ. ಒಂದೇ ಸಾಲು ಅಲ್ವಾ? ಅದಕ್ಕೆ ಎರಡು ವಾರ ಯಾಕೆ?" ಕೇಳಿದ್ದು ಸರಿಯಾಗಿಯೇ ಇದೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಬರೆಯುತ್ತಿದ್ದೇನೆ.

ಆ ಒಂದು ಸಾಲು ಮಕ್ಕಳಿಗೆ ಚೆನ್ನಾಗಿಯೇ ಬರುತ್ತದೆ. ಕಿರು ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು. ಕ್ಲೋರಿನ್‌ನ ಪರಮಾಣು ಸಂಖ್ಯೆ 17, ಪರಮಾಣು ರಾಶಿ (ಅಂದರೆ ತೂಕ) 35.5. ಒಂದು ಕ್ಲೋರಿನ್ ಪರಮಾಣುವಿನಲ್ಲಿ ಎಷ್ಟು ನ್ಯೂಟ್ರಾನ್ ಇರಬಹುದು? ಪರಮಾಣುವಿನ ಒಳಗಿನ ಪ್ರೋಟಾನ್, ನ್ಯೂಟ್ರಾನ್ ಎಂಬ ಕಣಗಳನ್ನು ಕೂಡಿದರೆ ಹೆಚ್ಚುಕಡಿಮೆ ಅದರ ತೂಕದ ಅಂಕಿ ಬರುತ್ತದೆ, ಹಾಗಾಗಿ ಬಹಳ ಮಂದಿ 35.5ರಲ್ಲಿ 17 ಕಳೆದರು. 18.5 ಎಂದು ಬರೆದು ಕೆಳಗೆ ಎರಡು ಗೆರೆಯನ್ನೂ ಎಳೆದರು. ತರಗತಿಯಲ್ಲಿ ಹದಿನೆಂಟೂವರೆ ಮಕ್ಕಳು ಕೂತಿದ್ದಾರೆ ಎಂದ ಹಾಗಾಯಿತು! ಕಳೆಯುವ ಲೆಕ್ಕ ಸರಿ ಇದೆ. ಉತ್ತರ ನೋಡಿ ಯಾರಿಗೂ ಅನುಮಾನ ಬರಲಿಲ್ಲವಲ್ಲ, ನಮಗೆ ಚಿಂತೆಯಾಗಿದ್ದು ಅದು.

ಇದರಲ್ಲಿ ಮಕ್ಕಳ ತಪ್ಪು ಕಮ್ಮಿ. ನಾನೂ ಹಿಂದೆ ರಸಾಯನ ವಿಜ್ಞಾನ ಹೇಳಿಕೊಡುತ್ತಿದ್ದವಳೇ. ಒಮ್ಮೆ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ಆ ಪಾಯಿಂಟ್ ಐದು ಎಲ್ಲಿಂದ ಬಂತು?" ಎಂದು ಕೇಳಿದ್ದ. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದುಬಿಟ್ಟೆ. ಪಾಠ ಮುಗಿಸುವ ಆತುರ. ಆ ವರ್ಷ ಅವನು ಮತ್ತೆ ಕೈ ಎತ್ತಿದ್ದು ನನಗೆ ನೆನಪಿಲ್ಲ.

ನೀವು ಕೇಳಿದ ಗುಂಡಿಗಳು ಅವನ ಪ್ರಶ್ನೆಗೆ ಉತ್ತರ. ಡಬ್ಬಿಯಲ್ಲಿ ಒಂದೇ ಬಣ್ಣದ, ಒಂದೇ ಅಳತೆಯ ನಾಲ್ಕು ಗುಂಡಿ ಇರುತ್ತವೆ. ಎಲ್ಲದರ ಮುಂದೆ 17 ಎಂದು ಚೀಟಿ ಅಂಟಿಸಿದೆ. ತಿರುಗಿಸಿ ನೋಡಿದರೆ ಮೂರರ ಹಿಂದೆ 35, ಒಂದರ ಹಿಂದೆ 37. ಮುಂದಿನದು ಪ್ರೋಟಾನ್ ಸಂಖ್ಯೆ, ಹಿಂದಿನದು ತೂಕ. ಹಿಂದಿನ ಅಂಕಿಗಳನ್ನು ಕೂಡಿದರೆ 142. ನಾಲ್ಕರಿಂದ ಭಾಗಿಸಿದರೆ 35.5. ಈಗ ಡಬ್ಬಿಯಿಂದ 35.5 ಇರುವ ಗುಂಡಿ ತೆಗೆದುಕೊಡು ಎಂದರೆ ಮಕ್ಕಳು ಹುಡುಕುತ್ತಾರೆ, ಆಮೇಲೆ ನಗುತ್ತಾರೆ. ಅಂಥ ಗುಂಡಿ ಒಂದೂ ಇಲ್ಲ. ಅದು ಬರೀ ಸರಾಸರಿ. ನಿಜವಾದ ಕ್ಲೋರಿನ್‌ನಲ್ಲೂ ಹೀಗೇ. ನೂರು ಪರಮಾಣು ತೆಗೆದುಕೊಂಡರೆ ಸುಮಾರು 76ರಲ್ಲಿ 18 ನ್ಯೂಟ್ರಾನ್, ಉಳಿದ 24ರಲ್ಲಿ 20 ನ್ಯೂಟ್ರಾನ್. ಪ್ರೋಟಾನ್ ಮಾತ್ರ ಎಲ್ಲದರಲ್ಲೂ 17. ಒಂದೇ ಧಾತುವಿನ ಇಂಥ ಬೇರೆ ಬೇರೆ ತೂಕದ ಪರಮಾಣುಗಳೇ ಐಸೋಟೋಪ್‌ಗಳು.

ಸಮಸ್ಥಾನಿ ಎಂಬ ಹೆಸರೂ ಇದಕ್ಕಿದೆ. ಮಕ್ಕಳು ಅದನ್ನು ಕಷ್ಟದ ಪದ ಎಂದು ದೂರ ಇಡುತ್ತಾರೆ. ನನಗಂತೂ ಅದೇ ಇಷ್ಟ. ಸಮ, ಸ್ಥಾನ. ಧಾತುಗಳನ್ನು ಜೋಡಿಸಿಟ್ಟ ಆವರ್ತ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಇರುವವರು ಎಂದು ಪದವೇ ಹೇಳಿಬಿಡುತ್ತದೆ. ಐಸೋಟೋಪ್ ಎಂಬ ಗ್ರೀಕ್ ಮೂಲದ ಪದಕ್ಕೂ ಅದೇ ಅರ್ಥ. 1913ರಲ್ಲಿ ರಸಾಯನ ವಿಜ್ಞಾನಿ ಫ್ರೆಡ್ರಿಕ್ ಸಾಡಿ ಅದನ್ನು ಬಳಕೆಗೆ ತಂದರು. ಪದ ಸೂಚಿಸಿದ್ದು ಮಾರ್ಗರೆಟ್ ಟಾಡ್ ಎಂಬ ವೈದ್ಯೆ.

ಅದೇ 1913ರಲ್ಲಿ ಹೆನ್ರಿ ಮೋಸ್ಲಿ ಎಂಬ ಯುವ ವಿಜ್ಞಾನಿ ಇನ್ನೊಂದು ಗಂಟು ಬಿಡಿಸಿದ. ಅಲ್ಲಿಯವರೆಗೆ ಧಾತುಗಳನ್ನು ಜೋಡಿಸುತ್ತಿದ್ದದ್ದು ಮುಖ್ಯವಾಗಿ ತೂಕ ನೋಡಿ. ಆದರೆ ಟೆಲ್ಯೂರಿಯಂ ತೂಕ 127.6, ಅಯೋಡಿನ್ ತೂಕ 126.9. ತೂಕದ ಪ್ರಕಾರ ಹೋದರೆ ಅಯೋಡಿನ್ ಮೊದಲು ಬರಬೇಕು. ಗುಣ ನೋಡಿದರೆ ಅದು ಕ್ಲೋರಿನ್, ಬ್ರೋಮಿನ್‌ಗಳ ಸಾಲಿಗೇ ಸೇರಬೇಕು. ಆವರ್ತ ಕೋಷ್ಟಕ ರೂಪಿಸಿದ ಮೆಂಡಲೀವ್ ತೂಕವನ್ನು ಬದಿಗಿಟ್ಟು ಗುಣವನ್ನೇ ನಂಬಿದ್ದರು. ಅದು ಯಾಕೆ ಸರಿ ಎಂದು ತೋರಿಸಿದ್ದು ಮೋಸ್ಲಿ. ಧಾತುಗಳಿಂದ ಹೊರಡುವ ಎಕ್ಸ್ ಕಿರಣಗಳನ್ನು ಅಳೆದಾಗ ಪ್ರತಿ ಧಾತುವಿಗೂ ಒಂದು ಕ್ರಮದ ಅಂಕಿ ಸಿಕ್ಕಿತು, ಅದೇ ಪರಮಾಣು ಸಂಖ್ಯೆ. ಟೆಲ್ಯೂರಿಯಂ 52, ಅಯೋಡಿನ್ 53. ಅಲ್ಲಿಗೆ ಜಗಳ ಮುಗಿಯಿತು. ಎರಡೇ ವರ್ಷಕ್ಕೆ, 1915ರಲ್ಲಿ, ಮೊದಲನೇ ಮಹಾಯುದ್ಧದ ಗ್ಯಾಲಿಪೊಲಿ ಕಾಳಗದಲ್ಲಿ ಅವನು ತೀರಿಕೊಂಡ. ಆಗ 27 ವರ್ಷ. ಇದನ್ನು ಹೇಳಿದ ದಿನ ತರಗತಿಯಲ್ಲಿ ಸದ್ದೇ ಇರಲಿಲ್ಲ ಎಂದು ನಮ್ಮ ವಿಜ್ಞಾನ ಶಿಕ್ಷಕರು ಹೇಳಿದರು.

ಇನ್ನು ಎಲ್ಲಕ್ಕಿಂತ ಗಾಬರಿಯ ಫೋನ್ ಬಗ್ಗೆ. "ನಮ್ಮ ಮೈಯಲ್ಲೇ ವಿಕಿರಣ ಇದೆ ಅಂತ ಮಗಳು ಹೇಳ್ತಿದ್ದಾಳೆ, ಏನಿದು ಮೇಡಂ?" ಎಂದು ಒಬ್ಬ ತಾಯಿ ಕೇಳಿದರು. ಮಗಳು ಹೇಳಿದ್ದು ನಿಜ. ನಮ್ಮ ದೇಹಕ್ಕೆ ಪೊಟ್ಯಾಸಿಯಂ ಬೇಕೇ ಬೇಕು. ಅದರ ಪ್ರತಿ 10,000 ಪರಮಾಣುವಿನಲ್ಲಿ ಒಂದಕ್ಕಿಂತ ಚೂರು ಜಾಸ್ತಿ ಪೊಟ್ಯಾಸಿಯಂ-40 (40 ತೂಕದ ಐಸೋಟೋಪ್) ಇರುತ್ತದೆ. ಅದು ವಿಕಿರಣಶೀಲ. ಮನುಷ್ಯ ಹುಟ್ಟಿದಾಗಿನಿಂದ ಇರುವುದೇ ಇದು. ಗಾಬರಿ ಬೇಡ. ಎಲ್ಲ ಐಸೋಟೋಪ್‌ಗಳೂ ವಿಕಿರಣ ಸೂಸುವುದಿಲ್ಲ ಎಂಬುದನ್ನೂ ಮಗಳು ಹೇಳಿರಬೇಕು, ಸುಮ್ನೆ ಒಮ್ಮೆ ಕೇಳಿ ನೋಡಿ. ಕ್ಲೋರಿನ್‌ನ ಆ ಎರಡೂ ಸ್ಥಿರವಾದವು. ಕಾರ್ಬನ್-12, ಕಾರ್ಬನ್-13 ಕೂಡ ಸ್ಥಿರ. ಕಾರ್ಬನ್-14 ಮಾತ್ರ ನಿಧಾನವಾಗಿ ಕ್ಷಯಿಸುತ್ತದೆ, ಅರ್ಧ ಆಗಲು ಸುಮಾರು 5,730 ವರ್ಷ ಬೇಕು. ಹಳೆಯ ಮರ, ಮೂಳೆಗಳ ವಯಸ್ಸು ತಿಳಿಯುವುದು ಈ ಲೆಕ್ಕದಿಂದ.

ಮನೆಯಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. "ವ್ಯಾಖ್ಯೆ ಹೇಳು" ಎನ್ನಬೇಡಿ. ಅದರ ಬದಲು ಹೀಗೆ ಕೇಳಿ: ಕಾರ್ಬನ್‌ಗೆ ಒಂದು ಪ್ರೋಟಾನ್ ಜಾಸ್ತಿ ಆದರೆ ಏನಾಗುತ್ತೆ? ಒಂದು ನ್ಯೂಟ್ರಾನ್ ಜಾಸ್ತಿ ಆದರೆ? ಮೊದಲನೆಯದಕ್ಕೆ ಅದು ಕಾರ್ಬನ್ ಆಗಿ ಉಳಿಯಲ್ಲ, ನೈಟ್ರೋಜನ್ ಆಗುತ್ತದೆ. ಎರಡನೆಯದಕ್ಕೆ ಹೆಸರು ಹಾಗೇ, ತೂಕ ಮಾತ್ರ ಹೆಚ್ಚು. ಮಕ್ಕಳು ಎಡವುವುದು ಇಲ್ಲೇ. ಉತ್ತರ ತಪ್ಪಿದರೆ ತಿದ್ದುವ ಅವಸರ ಬೇಡ. "ಯಾಕೆ ಹಾಗೆ?" ಎಂದು ಇನ್ನೊಂದು ಸಲ ಕೇಳಿದರೆ ಸಾಕು.

ಮುಂದಿನ ಪರೀಕ್ಷೆಯಲ್ಲಿ ವ್ಯಾಖ್ಯೆಗೆ ಒಂದೇ ಅಂಕ. ಮಕ್ಕಳು ಕೇಳಿರದ ಒಂದು ಧಾತುವಿನ ಅಂಕಿಗಳನ್ನು ಕೊಟ್ಟು ನಾಲ್ಕು ಅಂಕದ ಪ್ರಶ್ನೆ ಇರುತ್ತದೆ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. ಈ ಸಲ ಕೆಲವರಿಗೆ ಅಂಕ ಸ್ವಲ್ಪ ಇಳಿಯಬಹುದು, ಅದಕ್ಕೆ ಬೈಯಬೇಡಿ. ಪಾಠಗಳು ಹಿಂದೆ ಬೀಳುತ್ತವೆ ಎಂಬ ಚಿಂತೆಯೂ ಬೇಡ. ಮುಂದಿನ ಪಾಠದಲ್ಲಿ ಎರಡು ದಿನ ಉಳಿಸಬಹುದು ಎಂದು ಶಿಕ್ಷಕರು ಲೆಕ್ಕ ಹಾಕಿದ್ದಾರೆ.

ಗುರುವಾರ ಮೂರನೇ ಪಿರಿಯಡ್‌ನಲ್ಲಿ ಮತ್ತೆ ಗುಂಡಿ ಲೆಕ್ಕ ಇದೆ. ಈ ಸಲ ಬೋರಾನ್: 10 ಮತ್ತು 11, ಸರಾಸರಿ 10.8. ಯಾವುದು ಎಷ್ಟಿರಬೇಕು ಎಂದು ಮಕ್ಕಳೇ ಹುಡುಕಬೇಕು. ಬಿಡುವಿದ್ದವರು ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ಮನೆಯಲ್ಲಿ ಹಳೆಯ ಗುಂಡಿಗಳಿದ್ದರೆ ಮಕ್ಕಳ ಕೈಲಿ ಕಳುಹಿಸಿ. ನಮ್ಮ ಹತ್ತಿರ ಇರುವುದು ಸಾಲುತ್ತಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ