ಗೋಡೆ ಕ್ಯಾಲೆಂಡರ್ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ

ಮಾನ್ಯ ಸಂಪಾದಕರೇ,

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕೆಲಸವೆಲ್ಲ ನಿಂತಿರುವುದೇ ತಾರೀಖಿನ ಮೇಲೆ. 7ಕ್ಕೆ ಟಿಡಿಎಸ್, ಅಂದರೆ ಹಿಂದಿನ ತಿಂಗಳು ಸಂಬಳ, ಬಿಲ್ಲುಗಳಲ್ಲಿ ಹಿಡಿದುಕೊಂಡ ತೆರಿಗೆ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಇಷ್ಟು ವರ್ಷದಲ್ಲಿ ಒಂದು ತಾರೀಖೂ ನನ್ನ ಕೈತಪ್ಪಿರಲಿಲ್ಲ. 2025ರ ನವೆಂಬರ್ 7ರಂದು ತಪ್ಪಿತು. ಅದು ಹೇಗಾಯಿತು ಅಂತ ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮ ಆಫೀಸಿನಲ್ಲಿ ಅರವತ್ತು ಚಿಲ್ಲರೆ ಜನ ಇದ್ದೇವೆ. ಎಲ್ಲರಿಗೂ ಸೇರಿ ಒಂದೇ ಗೂಗಲ್ ಕ್ಯಾಲೆಂಡರ್. ಎಲ್ಲ ಒಂದೇ ಕಡೆ ಸಿಗಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಶುರುವಾಗಿದ್ದು ಅದು. ಬರಬರುತ್ತಾ ಮೀಟಿಂಗ್ ರೂಮಿನ ಬುಕಿಂಗ್, ಯಾರ ರಜೆ ಯಾವತ್ತು, ಹುಟ್ಟುಹಬ್ಬ, ಜಿರಳೆ ಔಷಧಿ ಹೊಡೆಯುವವರು ಬರುವ ದಿನ, ಲಿಫ್ಟ್ ರಿಪೇರಿ, ಅಮೆರಿಕದ ಗ್ರಾಹಕರ ರಜೆಗಳು, ಎಲ್ಲವೂ ಅದರೊಳಗೆ ಸೇರಿಕೊಂಡವು. ನನ್ನ ಟಿಡಿಎಸ್ ಕೂಡ ಅಲ್ಲೇ ಇತ್ತು.

ಆ ಸಲ ನವೆಂಬರ್ 1 ಶನಿವಾರ ಬಿದ್ದಿತ್ತು. ಹಾಗಾಗಿ ಆಫೀಸಿನ ರಾಜ್ಯೋತ್ಸವವನ್ನು 7ನೇ ತಾರೀಖು ಶುಕ್ರವಾರಕ್ಕೆ ಇಟ್ಟುಕೊಂಡಿದ್ದೆವು. ನಾನೂ ಹಾಡುವ ಗುಂಪಿನಲ್ಲಿದ್ದೆ. ಬೆಳಿಗ್ಗೆಯಿಂದ ಬದಲಾವಣೆಗಳು ಶುರುವಾದವು. ಮೂರು ಗಂಟೆ ಅಂತಿದ್ದದ್ದು ಮೂರೂವರೆ ಆಯಿತು. ಮೂರನೇ ಮಹಡಿ ಬಿಟ್ಟು ಕ್ಯಾಂಟೀನಿಗೆ ಬಂತು. ಆಮೇಲೆ ಒಬ್ಬಟ್ಟು ಎಷ್ಟು ಜನಕ್ಕೆ ಹೇಳಬೇಕು ಅಂತ ಇನ್ನೊಂದು ತಿದ್ದುಪಡಿ. ಒಂದೊಂದು ತಿದ್ದುಪಡಿಗೂ ಅಷ್ಟೂ ಜನಕ್ಕೆ ಮೇಲ್. ಯಾರಾದರೂ ‘ಬರುತ್ತೇನೆ’ ಅಂತ ಒತ್ತಿದರೆ ನನಗೆ ಮತ್ತೊಂದು. ನನ್ನ ಸೆಟ್ಟಿಂಗ್ ಹಾಗೇ ಇತ್ತು, ಯಾವತ್ತೂ ತೆಗೆದು ನೋಡಿರಲಿಲ್ಲ.

ಊಟದ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಫೋನ್ ಇಡುವುದು ನನ್ನ ರೂಢಿ. ಅದು ಅದುರಿದಾಗಲೆಲ್ಲ ಮುಚ್ಚಳ ಗರ್ ಅನ್ನುತ್ತದೆ. ಆವತ್ತು ಸದ್ದು ನಿಲ್ಲಲೇ ಇಲ್ಲ. ಹನ್ನೊಂದೂವರೆಗೆ ಐದು ಸೂಚನೆ ಒಂದರ ಮೇಲೊಂದು ಕೂತಿದ್ದವು. ಒಂದು ಬಿಲ್ ಅರ್ಧ ನಮೂದಿಸಿದ್ದೆ, ಕಣ್ಣು ಅದರಲ್ಲೇ ಇತ್ತು. ಐದನ್ನೂ ಹೆಬ್ಬೆರಳಲ್ಲಿ ಒಟ್ಟಿಗೆ ಪಕ್ಕಕ್ಕೆ ತಳ್ಳಿದೆ. ಅದರಲ್ಲಿ ಎರಡನೆಯದು ಟಿಡಿಎಸ್.

ಮಾರನೇ ದಿನ ಬೆಳಿಗ್ಗೆ ಮನೆಗೆ ಗ್ಯಾಸ್ ಸಿಲಿಂಡರ್ ಬಂತು. ತಾರೀಖು ಗುರುತು ಹಾಕೋಣ ಅಂತ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಮುಂದೆ ಪೆನ್ನು ಹಿಡಿದು ನಿಂತೆ. 7ರ ಮನೆ ಕಣ್ಣಿಗೆ ಬಿತ್ತು. ಎದೆ ಧಸಕ್ ಅಂದಿತು. ಆಗಲೇ ಕೂತು ಕಟ್ಟಿದೆ. ಆದರೆ ಟಿಡಿಎಸ್ ತಡವಾದರೆ ಬಡ್ಡಿ ತಿಂಗಳಿಗೆ ಶೇ 1.5, ಅದೂ ಕಡಿತ ಮಾಡಿದ ದಿನದಿಂದ, ಚೂರುಪಾರು ತಿಂಗಳಾದರೂ ಪೂರ್ತಿ ತಿಂಗಳ ಲೆಕ್ಕ. ತಡವಾಗಿದ್ದು ಒಂದು ದಿನ, ಬಡ್ಡಿ ಅಕ್ಟೋಬರ್, ನವೆಂಬರ್ ಸೇರಿ ಎರಡು ತಿಂಗಳದ್ದು. ₹1,86,000ಕ್ಕೆ ₹5,580. ಯಾರೂ ನನ್ನನ್ನು ಬೈಯಲಿಲ್ಲ. ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಕೂತು ಶುಕ್ರವಾರದ ಸೂಚನೆಗಳನ್ನು ಎಣಿಸಿದೆ. ಮೇಲ್ ಸೇರಿ 43. ನಾನು ಏನಾದರೂ ಮಾಡಬೇಕಾಗಿದ್ದದ್ದು ಅದರಲ್ಲಿ ಎರಡೇ ಎರಡು.

ನಮ್ಮ ಅಮ್ಮ ಹಾಲಿನ ಲೆಕ್ಕ, ಮನೆ ಕೆಲಸದವರ ರಜೆ, ಅಣ್ಣನ ಪರೀಕ್ಷೆ, ಎಲ್ಲವನ್ನೂ ಗೋಡೆ ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದರು. ಅದೂ ಇಡೀ ಮನೆಗೆ ಸೇರಿದ್ದೇ ಅಲ್ವಾ? ಬೇಕಾದವರು ಹೋಗಿ ನೋಡುತ್ತಿದ್ದರು. ಹಾಲಿನ ಲೆಕ್ಕ ಬರೆದಾಗಲೆಲ್ಲ ಅಪ್ಪನನ್ನು ಕೂಗಿ ಕರೆಯುತ್ತಿರಲಿಲ್ಲ. ಎಲ್ಲರಿಗೂ ಕಾಣಬೇಕು ಅನ್ನುವುದು ಒಂದು, ಎಲ್ಲರಿಗೂ ಗಂಟೆ ಹೊಡೆಯಬೇಕು ಅನ್ನುವುದು ಇನ್ನೊಂದು. ನಾವು ಎರಡನ್ನೂ ಒಂದೇ ಮಾಡಿಕೊಂಡಿದ್ದೇವೆ.

ಸರಿಮಾಡಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್ಸ್‌ಗೆ ಹೋದರೆ ಎಡಗಡೆ ಒಂದೊಂದು ಕ್ಯಾಲೆಂಡರಿನ ಹೆಸರೂ ಬೇರೆ ಬೇರೆಯಾಗಿ ಇರುತ್ತದೆ. ಆಫೀಸಿನದನ್ನು ಆರಿಸಿ, ಅದರ ನೆನಪಿನ ಗಂಟೆ ತೆಗೆದೆ. ಹೊಸದು ಸೇರಿದಾಗ, ಬದಲಾದಾಗ, ರದ್ದಾದಾಗ, ಯಾರಾದರೂ ಉತ್ತರ ಕೊಟ್ಟಾಗ ಬರುವ ಮೇಲ್‌ಗಳನ್ನೂ ನಿಲ್ಲಿಸಿದೆ. ಅಂದಿನ ಕಾರ್ಯಕ್ರಮಗಳ ಪಟ್ಟಿ ದಿನಕ್ಕೊಮ್ಮೆ ಬರಲಿ ಅಂತ ಬಿಟ್ಟುಕೊಂಡೆ. ನನ್ನ ತೆರಿಗೆ ತಾರೀಖುಗಳಿಗೆ ಬೇರೆಯೇ ಕ್ಯಾಲೆಂಡರ್ ಮಾಡಿ, ಎರಡು ದಿನ ಮುಂಚೆ ಒಂದು ಸಲ, ಅದೇ ದಿನ ಬೆಳಿಗ್ಗೆ ಒಂದು ಸಲ ಗಂಟೆ ಹೊಡೆಯುವಂತೆ ಇಟ್ಟೆ.

ಒಂದು ವಿಷಯ ಮಾತ್ರ ಇದರಿಂದ ಸರಿಹೋಗಲ್ಲ. ಅತಿಥಿ ಅಂತ ನಮ್ಮ ಹೆಸರು ಸೇರಿಸಿದರೆ ಆ ಕಾರ್ಯಕ್ರಮ ನಮ್ಮ ಸ್ವಂತ ಕ್ಯಾಲೆಂಡರಿಗೇ ಬಂದು ಕೂರುತ್ತದೆ. ಆಫೀಸಿನದನ್ನು ಸುಮ್ಮನಾಗಿಸಿದರೂ ಅದು ಸುಮ್ಮನಾಗಲ್ಲ. ಅಲ್ಲಿ ಸೇರಿಸುವವರೇ ಯೋಚಿಸಬೇಕು. ಸಣ್ಣ ತಿದ್ದುಪಡಿ ಉಳಿಸುವಾಗ, ಅತಿಥಿಗಳಿಗೆ ಮೇಲ್ ಕಳಿಸಲಾ ಅಂತ ಅದು ಕೇಳುತ್ತದೆ. ರೂಮಿನ ಹೆಸರಲ್ಲಿ ಒಂದಕ್ಷರ ಸರಿಮಾಡಿದ್ದಕ್ಕೆ ಬೇಡ ಅಂತ ಒತ್ತಿದರೆ ಅರವತ್ತು ಜನರ ಕೈಕೆಲಸ ನಿಲ್ಲುವುದು ತಪ್ಪುತ್ತದೆ.

ದಿನಾ ಆರ್‌.ವಿ. ರಸ್ತೆಯಲ್ಲಿ ಹಳದಿ ಮೆಟ್ರೊ ಹತ್ತುತ್ತೇನೆ. ಬೋಗಿಯಲ್ಲಿ ಒಂದು ಟಿಂಗ್ ಕೇಳಿದರೆ ನಾಲ್ಕೈದು ಜನ ಜೇಬಿಗೆ, ಬ್ಯಾಗಿಗೆ ಕೈ ಹಾಕುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆಯಿಂದ ದೂರ ಇರುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲೂ ಬರಲಿ. ಆದರೆ ಸೆಟ್ಟಿಂಗ್ ಬದಲಿಸೋಕೆ ಕಾನೂನಿಗೆ ಕಾಯಬೇಕಿಲ್ಲ.

ನಾನು ಮಾಡಿದ್ದನ್ನು ಪಕ್ಕದ ಸೀಟಿನ ಹುಡುಗಿಗೆ ತೋರಿಸಿದೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ಮೌಸ್ ಹಿಡಿದವಳು ಕ್ಲಿಕ್ ಮಾಡದೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು: “ಮೇಡಂ, ಆಫ್ ಮಾಡಿದ್ರೆ ಸರ್‌ಗೆ ಗೊತ್ತಾಗತ್ತಾ?”

ಗೊತ್ತಾಗಲ್ಲ ಅಂದೆ. ಆ ಸೆಟ್ಟಿಂಗ್ ಅವಳೊಬ್ಬಳದೇ, ಬೇರೆ ಯಾರಿಗೂ ಕಾಣಲ್ಲ. ಆದರೆ ಅವಳಿಗೆ ಆ ಹೆದರಿಕೆ ಇತ್ತಲ್ಲ, ಅದೇ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಈ ಊರಿನ ಆಫೀಸುಗಳ ಮ್ಯಾನೇಜರುಗಳಲ್ಲಿ, ಎಚ್‌ಆರ್‌ನವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಹುಡುಗ ಹುಡುಗಿಯರನ್ನು ಒಂದು ದಿನ ಕೂರಿಸಿಕೊಂಡು, ಬೇಡದ ಗಂಟೆಗಳನ್ನು ಆಫ್ ಮಾಡಿ, ನಾವು ಏನೂ ಅಂದುಕೊಳ್ಳಲ್ಲ ಅಂತ ನೀವೇ ಬಾಯಿ ಬಿಟ್ಟು ಹೇಳಿ.

– ಲೆಕ್ಕಪತ್ರ ವಿಭಾಗದ ಉದ್ಯೋಗಿ,
ತ್ಯಾಗರಾಜನಗರ, ಬೆಂಗಳೂರು