ಕಟಪಾಡಿಯ ಜಾಗ ಮಾರುವುದು ಬೇಡ

ಎಡಿಸನ್, ನ್ಯೂಜೆರ್ಸಿ
ಆಗಸ್ಟ್ 2025

ತೀರ್ಥರೂಪರಾದ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆಯೆಂದು ತಮ್ಮ ತಿಳಿಸಿದ, ಸಮಾಧಾನವಾಯಿತು. ನಿಮ್ಮ ಪತ್ರ ಓದಿದಂದಿನಿಂದ ಮನಸ್ಸು ಬೇರೆ ಯಾವುದರ ಮೇಲೂ ನಿಲ್ಲುತ್ತಿಲ್ಲ. ನಿಮ್ಮ ಅಳಿಯನ ಅಂಗವೈಕಲ್ಯ ಭತ್ಯೆಯ ತೀರ್ಮಾನ ಇನ್ನೂ ಆಗಿಲ್ಲವೆಂದು ಕಟಪಾಡಿಯ ಜಾಗ ಮಾರಿ ಹಣ ಕಳುಹಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ.

ಅಳಿಯ ಸರಕಾರದ ಮುಂದೆ ಕೈಯೊಡ್ಡುವಂತಾಯಿತೇ ಎಂದು ದೊಡ್ಡಪ್ಪ ನೊಂದುಕೊಂಡರೆಂದು ಬರೆದಿದ್ದೀರಿ. ಅವರಿಗೆ ಖಂಡಿತವಾಗಿ ಹೇಳಿ, ಇದು ದಾನವಲ್ಲ, ವಿಮೆ. ಇವರು ದುಡಿದಷ್ಟು ವರ್ಷವೂ ಸಂಬಳದಲ್ಲಿ ಶೇಕಡಾ 6.2ರಷ್ಟು ಸೋಶಿಯಲ್ ಸೆಕ್ಯುರಿಟಿ ಎಂಬ ಇಲ್ಲಿಯ ಸರಕಾರಿ ವಿಮೆಗೆ ಕಡಿತವಾಗಿದೆ, ಕಂಪನಿಯೂ ಅಷ್ಟೇ ಸೇರಿಸಿ ಕಟ್ಟಿದೆ. ಇವರ ವಯಸ್ಸಿನವರಿಗೆ ಬೇಕಾದಷ್ಟು ಕ್ರೆಡಿಟ್‌ಗಳು, ಅಂದರೆ ದುಡಿಮೆಗೆ ಸಿಗುವ ಅಂಕಗಳು, ಅದರಲ್ಲಿ ಕಡೆಯ ಹತ್ತು ವರ್ಷಗಳಲ್ಲಿ ಗಳಿಸಿರಬೇಕಾದ 20 ಸಹಿತ, ಇವರ ಹೆಸರಿನಲ್ಲಿವೆ. ಕೇಳುತ್ತಿರುವುದು ಕಟ್ಟಿದ ಹಣಕ್ಕೆ ಸಲ್ಲಬೇಕಾದದ್ದನ್ನು ಮಾತ್ರ.

ಇಷ್ಟು ತಡವೇಕೆ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿ ವೈದ್ಯರು ಪರೀಕ್ಷಿಸಿ ಅಂಗವೈಕಲ್ಯ ಇಷ್ಟು ಶೇಕಡಾ ಎಂದು ಪ್ರಮಾಣಪತ್ರ ಕೊಡುತ್ತಾರೆ, 40 ತಲುಪಿದರೆ ಮುಂದಿನ ದಾರಿ ತೆರೆಯುತ್ತದೆ. ಇಲ್ಲಿಯ ಈ ವಿಮೆಯಲ್ಲಿ ಶೇಕಡಾ ಲೆಕ್ಕವೇ ಇಲ್ಲ. ಹಿಂದಿನ ಕೆಲಸವನ್ನಾಗಲಿ, ದೇಶದಲ್ಲಿ ಗಣನೀಯ ಸಂಖ್ಯೆಯಲ್ಲಿರುವ ಬೇರೆ ಯಾವುದೇ ಕೆಲಸವನ್ನಾಗಲಿ ಈ ಮನುಷ್ಯ ಮಾಡಲಾರ, ಆ ಸ್ಥಿತಿ ಕನಿಷ್ಠ ಹನ್ನೆರಡು ತಿಂಗಳು ಮುಂದುವರಿಯುತ್ತದೆ ಎಂದು ಕಾಗದಪತ್ರಗಳಿಂದ ಸಾಬೀತಾಗಬೇಕು. ಇವರಿಗಿರುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಹೊರಗಿನಿಂದ ಕಾಣುವ ಕಾಯಿಲೆಯಲ್ಲ. ಬೆಳಿಗ್ಗೆ ಗೇಟಿನವರೆಗೆ ನಡೆದು ಹೋಗುವ ಇವರಿಗೆ ಮಧ್ಯಾಹ್ನ ಲೋಟ ಹಿಡಿಯಲು ಆಗುವುದಿಲ್ಲ, ಸೆಕೆ ಹೆಚ್ಚಾದರಂತೂ ಕಾಲು ಮಾತೇ ಕೇಳುವುದಿಲ್ಲ. ಇದನ್ನು ನರರೋಗ ವೈದ್ಯರು ‘ಕಾಯಿಲೆ ಇದೆ’ ಎಂದು ಬರೆದರೆ ಸಾಲದು, ಎಷ್ಟು ಹೊತ್ತು ಕುಳಿತಿರಬಲ್ಲರು, ತಿಂಗಳಲ್ಲಿ ಎಷ್ಟು ದಿನ ಏಳಲಾರರು ಎಂದು ಬಿಡಿಸಿ ಬರೆಯಬೇಕು.

ಮೊದಲ ಹಂತದಲ್ಲಿ ಬಹುಪಾಲು ಅರ್ಜಿಗಳು ತಿರಸ್ಕೃತವಾಗುತ್ತವೆ, ಇವರದೂ ಆಯಿತು. ಅದನ್ನು ಸೋಲೆಂದು ತಿಳಿಯಬೇಡಿ. 60 ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು, ಅಲ್ಲಿಯೂ ಆಗದಿದ್ದರೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ. ನಾವು ಕಾಯುತ್ತಿರುವುದು ಆ ವಿಚಾರಣೆಯ ದಿನಾಂಕಕ್ಕೆ. ಎದುರು ವಕೀಲರಿರುವುದಿಲ್ಲ, ಮನೆಯಲ್ಲೇ ಕುಳಿತು ವಿಡಿಯೊ ಮೂಲಕವೂ ಉತ್ತರಿಸಬಹುದು. ಇಂಥ ಮನುಷ್ಯನಿಗೆ ದೇಶದಲ್ಲಿ ಯಾವ ಯಾವ ಕೆಲಸಗಳು ಉಳಿದಿವೆ ಎಂದು ಹೇಳುವುದಕ್ಕಾಗಿಯೇ ಉದ್ಯೋಗ ತಜ್ಞರೊಬ್ಬರು ಹಾಜರಿರುತ್ತಾರೆಂದರೆ ಅಮ್ಮ ನಂಬಲಿಕ್ಕಿಲ್ಲ!

ಈಗ ಹಣದ ಮಾತು. ತಡವಾಯಿತೆಂದು ಹಣ ಮುಳುಗುವುದಿಲ್ಲ. ಅಂಗವೈಕಲ್ಯ ಶುರುವಾದ ಮೊದಲ ಐದು ಪೂರ್ಣ ತಿಂಗಳಿಗೆ ಮಾತ್ರ ಭತ್ಯೆಯಿಲ್ಲ, ಮಂಜೂರಾದಾಗ ಉಳಿದ ಬಾಕಿಯನ್ನು ಲೆಕ್ಕಹಾಕಿ ಕೊಡುತ್ತಾರೆ. ಮೆಡಿಕೇರ್ ಆರೋಗ್ಯ ವಿಮೆಗೆ ಕಾಯಬೇಕಾದ 24 ತಿಂಗಳೂ ತೀರ್ಪಿನ ದಿನದಿಂದಲ್ಲ, ಭತ್ಯೆಗೆ ಅರ್ಹರಾದ ತಿಂಗಳಿನಿಂದ ಎಣಿಕೆಯಾಗುತ್ತವೆ. ವಕೀಲರಿಗೆ ಮುಂಗಡ ಕೊಟ್ಟಿಲ್ಲ, ಗೆದ್ದರೆ ಬಾಕಿಯ ಕಾಲುಭಾಗ, ಅದೂ 2025ರ ಮಿತಿಯಾದ 9,200 ಡಾಲರ್ ಮೀರದಂತೆ. ನನ್ನ ಸಂಬಳ ಈ ವಿಮೆಗೆ ಅಡ್ಡಿಯಲ್ಲ. ಆಸ್ಪತ್ರೆಯಲ್ಲಿ ಒಂದೆರಡು ಪಾಳಿ ಹೆಚ್ಚಿಗೆ ಮಾಡುತ್ತಿದ್ದೇನೆ, ಇವರ ಔಷಧ ನನ್ನ ಕೆಲಸದ ವಿಮೆಯಲ್ಲಿ ಸಿಗುತ್ತಿದೆ, ಬಾಡಿಗೆ ತಪ್ಪಿಲ್ಲ, ಮಕ್ಕಳ ಊಟಕ್ಕೆ ಕೊರತೆಯಿಲ್ಲ, ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಮನೆ ಬಿಡಿಸುವ ನೋಟಿಸು ಬರುವಷ್ಟು ಕಷ್ಟವಾದರೆ ವಿಚಾರಣೆಯನ್ನು ಬೇಗ ನಡೆಸಿ ಎಂದು ಕೇಳಲು ಅವಕಾಶವಿದೆ. ನಾವು ಆ ಸ್ಥಿತಿಯ ಹತ್ತಿರದಲ್ಲೂ ಇಲ್ಲ.

ನನಗೆ ನಿಜವಾಗಿ ಸಂಕಟವಾಗುವುದು ಇವರನ್ನು ನೋಡಿ. ಸುಮ್ಮನೆ ಕುಳಿತು ಅಭ್ಯಾಸವಿಲ್ಲದವರು ಇವರು. ಚೇತರಿಸಿಕೊಂಡ ದಿನಗಳಲ್ಲಿ ಏನಾದರೂ ಲೆಕ್ಕಪತ್ರದ ಕೆಲಸ ಮಾಡೋಣವೆಂದರೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,620 ಡಾಲರಿಗಿಂತ ಹೆಚ್ಚಿನ ಗಳಿಕೆಯನ್ನು ದುಡಿಯುವ ಶಕ್ತಿಯೆಂದೇ ಪರಿಗಣಿಸುತ್ತಾರೆ, ಕಡಿಮೆ ದುಡಿದರೂ ವಿಚಾರಣೆಯಲ್ಲಿ ಅದರ ಬಗ್ಗೆ ಪ್ರಶ್ನೆ ಬರುತ್ತದೆ. ಹೀಗಾಗಿ ಕೈಲಾದ ಸ್ವಲ್ಪವನ್ನೂ ಮಾಡಲು ಅಂಜುತ್ತಾರೆ. ಕಾಯುವವನಿಗೆ ತನ್ನ ಕಾಯಿಲೆಯನ್ನೇ ಮತ್ತೆ ಮತ್ತೆ ರುಜುವಾತು ಮಾಡುತ್ತಿರಬೇಕಾಗುವುದು ಬಹಳ ಕ್ರೂರವೆಂದು ನನಗೆ ಅನಿಸುತ್ತದೆ. ಫೋನಿನಲ್ಲಿ ದಯವಿಟ್ಟು ‘ತೀರ್ಪು ಬಂತೇ’ ಎಂದು ಇವರನ್ನು ಕೇಳಬೇಡಿ. ಯಕ್ಷಗಾನದ ಸುದ್ದಿ ಹೇಳಿ, ಉಡುಪಿಯ ಪರ್ಯಾಯೋತ್ಸವದ ತಯಾರಿಯ ಸುದ್ದಿ ಹೇಳಿ.

ನಿಮ್ಮಿಂದ ಒಂದು ಸಹಾಯ ಖಂಡಿತ ಬೇಕು. ಊರಿಗೆ ಬಂದಿದ್ದಾಗ ಇವರಿಗೆ ಒಂದು ಕಣ್ಣು ಮಂಜಾಗಿ ಮಣಿಪಾಲದಲ್ಲಿ ತೋರಿಸಿದ್ದೆವಲ್ಲ, ಈ ಕಾಯಿಲೆ ಹಲವರಲ್ಲಿ ಹಾಗೆಯೇ ಶುರುವಾಗುತ್ತದೆಯೆಂದು ಇಲ್ಲಿಯ ವೈದ್ಯರು ಹೇಳುತ್ತಾರೆ. ಆಗಿನ ಕೇಸ್ ಶೀಟ್ ಮತ್ತು ಎಂಆರ್‌ಐ ವರದಿಯ ಪ್ರತಿ ಬೇಕು. ಇವರ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ, ಕಬ್ಬಿಣದ ಕಪಾಟಿನ ಹಸಿರು ಫೈಲಿನಲ್ಲಿ ಆಸ್ಪತ್ರೆಯ ಕಾರ್ಡು ಇರಬೇಕು. ವಿಚಾರಣೆಗೆ ಐದು ಕೆಲಸದ ದಿನ ಮೊದಲೇ ದಾಖಲೆ ಸಲ್ಲಿಸಬೇಕಾದ್ದರಿಂದ ತಮ್ಮ ಈ ವಾರವೇ ಹೋಗಿ ಬರಲಿ. ಮಳೆಯಲ್ಲಿ ನೀವು ಹೋಗಬೇಡಿ.

ಪಾಳಿಗೆ ಹೊತ್ತಾಯಿತು. ಅಮ್ಮನಿಗೂ ದೊಡ್ಡಪ್ಪನಿಗೂ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಮಗಳು